ಗೋವಿಂದರಾಜುವಿಗೆ ಹಾಲು ಎರೆದವರು

ಆ ದಿನ ಏಕಾದಶಿ. ಉಪವಾಸವಿದ್ದ ನಾನು ಬೆಳಗಿನ ಪೂಜೆ ಮುಗಿಸಿ ತುಳಸಿಕಟ್ಟೆಯ ಮೇಲಿನ ಬಾಡಿದ ಹೂವುಗಳನ್ನು ಎತ್ತಿಹಾಕುತ್ತಿದ್ದೆ. ಮುನಿರಾಜನ ಬೈಕು ಬಂದು ಅಂಗಳದಲ್ಲಿ ನಿಂತಿತು. ನನ್ನ ಅಳಿಯ ಗೋವಿಂದರಾಜು ಕೆಲಸ ಮಾಡುತ್ತಿದ್ದ ದಾಬಸ್‌ಪೇಟೆಯ ಕಾರ್ಖಾನೆಯಲ್ಲೇ ಅವನೂ ಕೆಲಸಗಾರ. ಇಳಿದವನು ಹೆಲ್ಮೆಟ್ಟನ್ನು ತೆಗೆಯಲಿಲ್ಲ.

"ಏನಪ್ಪಾ ಮುನಿರಾಜ, ಆಸ್ಪತ್ರೆಯಿಂದ ಬಂದ್ಯಾ? ಹೆಂಗವ್ನೆ ಗೋವಿಂದು?" ಎಂದೆ.

"ಮಾವ, ಅನಸೂಯಕ್ಕನ್ನ ಒಬ್ಳನ್ನೇ ಬಿಟ್ಟು ಬಂದ್ಬಿಟ್ಟಿದ್ದೀನಿ. ನೀವು ಬೇಗ ಹತ್ತಿ" ಎಂದ.

ಹೆಲ್ಮೆಟ್ಟಿನೊಳಗೆ ಅವನ ಕಣ್ಣು ಹರಿಯುತ್ತಿತ್ತು. ಇನ್ನೇನೂ ಕೇಳಬೇಕಾಗಿರಲಿಲ್ಲ.

ಗೋವಿಂದರಾಜು ನನ್ನ ತಂಗಿ ಮಾರಕ್ಕನ ಒಬ್ಬನೇ ಮಗ. ನನ್ನ ಮಗಳು ಅನಸೂಯಳನ್ನು ಅವನಿಗೇ ಕೊಟ್ಟಿದ್ದೆವು. ಹೀಗಾಗಿ ಆ ಬೆಳಿಗ್ಗೆ ನನ್ನ ತಂಗಿಯ ಮಗನೂ ಹೋದ, ನನ್ನ ಮಗಳ ಗಂಡನೂ ಹೋದ.

ಮಾರಕ್ಕನ ಮನೆ ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ದೂರ. ಬೈಕು ಹತ್ತುವ ಮೊದಲು ನಾನು ಅಲ್ಲಿಗೆ ಹೋದಾಗ ಅವಳು ಮಗನಿಗೆಂದು ರಾಗಿಗಂಜಿ ಕಾಯಿಸಿ ಡಬ್ಬಿಗೆ ಹಾಕುತ್ತಿದ್ದಳು. ಬಾಗಿಲಲ್ಲಿ ಸುಮ್ಮನೆ ನಿಂತ ನನ್ನನ್ನು ನೋಡಿ, ಮುಚ್ಚಳವನ್ನು ಕೈಯಲ್ಲೇ ಹಿಡಿದುಕೊಂಡಳು.

"ಅಣ್ಣಾ, ಇದಿನ್ನೂ ಬಿಸಿ ಐತೆ" ಎಂದಳು.

ನಾನು ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತೆ.

ನಡೆದದ್ದನ್ನು ಹೇಳಬೇಕು. ಕಾರುಗಳಿಗೆ ವಿದ್ಯುತ್ ತಂತಿಯ ಜೋಡಣೆ ಮಾಡುವ ಕಾರ್ಖಾನೆ ಅದು. ಅದರ ಯಜಮಾನರು ಇಟಲಿ ದೇಶದವರು. ಕೆಲಸಗಾರರು ಸಂಘ ಕಟ್ಟಿಕೊಂಡರೆಂದು ಕೆಲವರನ್ನು ಕೆಲಸದಿಂದ ತೆಗೆದರು. ಉಳಿದವರು ಊಟದ ಡಬ್ಬಿ ಹಿಡಿದು ಗೇಟಿನ ಮುಂದೆ ಕುಳಿತರು. ಭಜನೆಗೆ ಕುಳಿತ ಹಾಗೆ ಕುಳಿತಿದ್ದೆವು ಮಾವ ಎಂದು ಗೋವಿಂದರಾಜುವೇ ನನಗೆ ಹೇಳಿದ್ದ. ಪೊಲೀಸರು ಬಂದು ಅವರನ್ನು ವ್ಯಾನಿಗೆ ತುಂಬಿಕೊಂಡು ಹೋದರು.

ಠಾಣೆಯೊಳಗೆ ನಡೆದದ್ದನ್ನು ಮುನಿರಾಜ ಆಮೇಲೆ ನನಗೊಬ್ಬನಿಗೆ ಹೇಳಿದ. ಅಂಗಿ ಬಿಚ್ಚಿಸಿ ಗೋಡೆಗೆ ಮುಖ ಮಾಡಿ ಕೂರಿಸಿದರಂತೆ. ನೀರು ಕೇಳಿದವರಿಗೆ ನಿಮ್ಮ ಸಂಘದ ಹತ್ತಿರ ಕೇಳಿ ಎಂದರಂತೆ. ಮುನಿರಾಜನ ಅಂಗಾಲಿಗೆ ಹೊಡೆಯುವಾಗ ಗೋವಿಂದರಾಜು ಅಡ್ಡ ಬಂದು, "ಸಾರ್, ಅವ್ನಿಗೆ ಆಪರೇಷನ್ ಆಗೈತೆ, ಬಿಟ್ಬಿಡಿ" ಎಂದನಂತೆ. ಅಡ್ಡ ಬಂದವನ ಮೇಲೆ ಎಲ್ಲರ ಕೋಪವೂ ತಿರುಗಿತು. ಮಾರನೆಯ ದಿನ ಅವರಿಬ್ಬರೂ ಸೇರಿ ಕೆಲವರನ್ನು ಬಿಟ್ಟರು. ಉಳಿದವರ ಮೇಲೆ ಪೊಲೀಸರಿಗೇ ಹೊಡೆದರೆಂದು ಮೊಕದ್ದಮೆ ಹಾಕಿ ಜೈಲಿಗೆ ಕಳಿಸಿದರು.

ಗೋವಿಂದರಾಜು ಮನೆಗೆ ಬಂದು ತಾಯಿಗೆ, ಬೈಕಿನಿಂದ ಬಿದ್ದೆ ಎಂದ. ಮಾರಕ್ಕ ಹರಳೆಣ್ಣೆ ಸವರಿ, ಬಟ್ಟೆಯಲ್ಲಿ ಉಪ್ಪು ಕಟ್ಟಿ, ಬಿಸಿಮಾಡಿ ಬೆನ್ನಿಗೆ ಶಾಖ ಕೊಟ್ಟಳು. ಅವನಿಗೆ ಮೂತ್ರದಲ್ಲಿ ರಕ್ತ ಹೋಗುತ್ತಿದ್ದದ್ದು ಅನಸೂಯಳಿಗೆ ತಿಳಿದು ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ತಡವಾಗಿತ್ತು.

ಆಸ್ಪತ್ರೆಯಲ್ಲಿ ಠಾಣೆಯ ಒಬ್ಬ ಹೆಡ್ ಕಾನ್‌ಸ್ಟೆಬಲ್ ನಮಗಿಂತ ಮೊದಲೇ ಬಂದು ನಿಂತಿದ್ದ. "ಯಜಮಾನ್ರೇ, ಪೋಸ್ಟ್‌ಮಾರ್ಟಂ ಅಂತ ಹೋದ್ರೆ ಕೊಯ್ದು ಮೂಟೆ ಕಟ್ಟಿ ಕೊಡ್ತಾರೆ. ಕಿಡ್ನಿ ಕೆಟ್ಟಿತ್ತು ಅಂತ ಡಾಕ್ಟ್ರೇ ಹೇಳವ್ರೆ. ಹೊತ್ತು ಮುಳುಗೋದ್ರೊಳ್ಗೆ ಮಣ್ಣು ಮಾಡ್ಕಳಿ" ಎಂದ. ನಮ್ಮಲ್ಲಿ ಯಾರಿಗೂ ಕೊಯ್ಯಿಸುವ ಮನಸ್ಸಿರಲಿಲ್ಲ. ಮನೆಗೆ ತಂದೆವು.

ಸ್ನಾನ ಮಾಡಿಸುವಾಗ ಹೆಣವನ್ನು ಮಗ್ಗುಲಿಗೆ ತಿರುಗಿಸಿದೆವು. ಬೆನ್ನ ತುಂಬ ಬಾಸುಂಡೆ. ನೀರು ಹೊಯ್ಯುತ್ತಿದ್ದವರ ಕೈ ನಿಂತಿತು. ಆದರೆ ನಮ್ಮಲ್ಲಿ ಹಿಂದಿನಿಂದ ಒಂದು ಕಟ್ಟು ಇದೆ. ಹೆಣಕ್ಕೆ ನೀರು ಹಾಕುವಾಗ ಕಂಡದ್ದನ್ನು ಹೊರಗೆ ಆಡಬಾರದು. ಸತ್ತವರ ಮಾನ ಉಳಿಸಲು ಮಾಡಿದ ಕಟ್ಟು ಅದು. ಹಾಗಾಗಿ ನಾವ್ಯಾರೂ ಆಡಲಿಲ್ಲ. ಅರಿಸಿನ ಹಚ್ಚಲು ಬಂದ ಅನಸೂಯ ಒಬ್ಬಳು ಮಾತ್ರ ತಂದೆಯಾದ ನನ್ನ ಮುಖವನ್ನು ನೋಡಿದಳು. ಹೊಸ ಬಟ್ಟೆ ಹೊದಿಸಿ, ಮಾರಕ್ಕನ ಹೊಲದಲ್ಲಿ ಅವನ ತಂದೆಯ ಪಕ್ಕದಲ್ಲೇ ಮಣ್ಣು ಮಾಡಿದೆವು.

ಮೂರನೆಯ ದಿನ ಹಾಲು ತುಪ್ಪ. ಮಣ್ಣಿಗೆ ಯಾರು ಬೇಕಾದರೂ ಬರಬಹುದು, ಹಾಲು ತುಪ್ಪ ಬಿಡುವುದು ಮಾತ್ರ ಮನೆಯವರು ಮತ್ತು ನಂಟರು. ಒಬ್ಬೊಬ್ಬರಾಗಿ ತಲೆಯ ಕಡೆ ನಿಂತು, ಗರಿಕೆಯಲ್ಲಿ ಅದ್ದಿ ಬಿಡುತ್ತೇವೆ. ಹಾಗೆ ಬಿಟ್ಟವರಿಗೆ ಆಮೇಲೆ ಆ ಮನೆಯ ವಿಚಾರದಲ್ಲಿ ಮಾತಾಡುವ ಹಕ್ಕು ಇರುತ್ತದೆ. ಹಾಲು ಬಿಟ್ಟ ಮೇಲೆ ಜೀವ ತಣ್ಣಗಾಯಿತು ಎನ್ನುವುದು ನಮ್ಮ ನಂಬಿಕೆ. ಆ ಮಣ್ಣನ್ನು ಮತ್ತೆ ಮುಟ್ಟುವ ಹಾಗಿಲ್ಲ.

ಅದಾದ ಕೆಲವು ದಿನಗಳಿಗೆ ಪದ್ಮಶ್ರೀ ಎಂಬ ಹೆಣ್ಣುಮಗಳು ಮನೆಗೆ ಬಂದಳು. ನೆಲಮಂಗಲದವಳು, ಕೆಲಸಗಾರರ ಸಂಘದ ಕಾರ್ಯದರ್ಶಿ. ಆ ಕಂಪನಿಯ ಕಾರ್ಖಾನೆಗಳು ಯಾವ ಯಾವ ದೇಶದಲ್ಲಿವೆಯೋ ಅಲ್ಲಿಯ ಸಂಘಗಳಿಗೆಲ್ಲ ಅವಳು ಬರೆದಿದ್ದಳು. ನಮ್ಮವನೊಬ್ಬ ಸತ್ತಿದ್ದಾನೆ, ಉಳಿದವರು ಜೈಲಿನಲ್ಲಿದ್ದಾರೆ, ನಿಮ್ಮ ದನಿ ನಮಗೆ ಬೇಕು ಎಂದು ಕೇಳಿದ್ದಳು.

"ಅಮ್ಮ, ಆ ದೇಶದ ಸಂಘದೋರು ಕೇಳ್ತಾವ್ರೆ, ಹೆಂಗೆ ಸತ್ತ ಅಂತ" ಎಂದು ಮಾರಕ್ಕನ ಮುಂದೆ ಕುಳಿತಳು. "ಅಲ್ಲಿ ಕಂಪನಿಯವ್ರನ್ನ ನಿಲ್ಸಿ ಕೇಳಿದ್ರೆ, ಕಾಯಿಲೆಯಿಂದ ಸತ್ತ ಅಂತಾರಂತೆ. ಪೊಲೀಸ್ನೋರೂ ಅದೇ ಹೇಳ್ತಾರೆ. ಮಣ್ಣಿಂದ ತೆಗ್ದು ಡಾಕ್ಟ್ರು ನೋಡಿದ್ರೆ ಮಾತ್ರ ನಿಜ ಆಚೆ ಬರ್ತದೆ. ಒಳಗಿರೋ ಹುಡುಗ್ರೂ ಉಳ್ಕತಾರೆ. ಅರ್ಜಿ ಹಾಕೋಕೆ ನೀವು ಒಪ್ಪಬೇಕು."

ಮಾರಕ್ಕ ಅವರೆಕಾಯಿ ಬಿಡಿಸುತ್ತಿದ್ದಳು. ಬಿಡಿಸುತ್ತಲೇ, "ನಿಂಗೆ ಮಕ್ಳವ್ರಾ ತಾಯಿ?" ಎಂದಳು.

"ಒಬ್ಬ ಮಗ ಅವ್ನೆ ಅಮ್ಮ."

"ಮಲಗವ್ನೆ ಅಂತ ತಿಳ್ಕ. ರಾತ್ರಿಯೆಲ್ಲ ನೋವಲ್ಲಿ ನರಳಿ ಈಗ ತಾನೆ ನಿದ್ದೆ ಬಂದೈತೆ. ಏಳಿಸ್ತೀಯಾ?"

ಒಳಗಿನಿಂದ ಅನಸೂಯ ಬಂದಳು. "ಅತ್ತೆ, ಅವ್ರು ಬೈಕಿಂದ ಬಿದ್ದಿದ್ದಲ್ಲ" ಎಂದಳು. "ನಿಮ್ಗೆ ಗೊತ್ತಿಲ್ಲ, ನಾನು ನೋಡಿದ್ದೀನಿ. ಅಪ್ಪನೂ ನೋಡವ್ರೆ."

"ನಂಗೆ ಗೊತ್ತಿಲ್ವಾ?" ಮಾರಕ್ಕ ಕಾಳುಗಳನ್ನು ಬದಿಗೆ ಸರಿಸಿದಳು. "ಈ ಕೈಯಲ್ಲೇ ಶಾಖ ಕೊಟ್ಟಿದ್ದೀನಲ್ಲೇ. ಬೈಕಿಂದ ಬಿದ್ದ ಗಾಯ ಯಾವ್ದು, ಕೋಲಿನ ಗಾಯ ಯಾವ್ದು ಅಂತ ಹೆತ್ತೋಳ್ಗೆ ತಿಳೀದಾ? ಬೈಕು ಅಂದ. ಹೂಂ ಕಣಪ್ಪ, ಬೈಕೇ ಅಂದೆ. ನಾನು ಸಂಕಟಪಡಬಾರ್ದು ಅಂತ ಅವ್ನು ಹೇಳ್ದ. ನಾನು ಕೇಳಿದ್ರೆ ಅವ್ನಿಗೆ ಸಂಕಟ ಅಂತ ನಾನು ಕೇಳ್ಲಿಲ್ಲ. ಇಬ್ರೂ ಹಂಗೇ ಮುಗಿಸ್ಕಂಡ್ವಿ. ಈಗ ಅಗೀಬ್ಯಾಡ್ರಿ."

ಅನಸೂಯ ಅತ್ತೆಯ ಪಕ್ಕದಲ್ಲಿ ಕುಳಿತು ಮೊರವನ್ನು ಎಳೆದುಕೊಂಡಳು. ಹೆಂಡತಿಯಾಗಿ ಅವಳೊಬ್ಬಳೇ ಅರ್ಜಿ ಹಾಕಬಹುದಿತ್ತು. ಪದ್ಮಶ್ರೀ ಅದನ್ನೂ ಹೇಳಿದಳು. "ಅತ್ತೆ ಒಪ್ಪದೆ ನಾನು ಸೈನ್ ಹಾಕಲ್ಲ ಮೇಡಂ" ಎಂದಳು ಮಗಳು. ನಾನು ತಂಗಿಗೆ ಅಣ್ಣನಾಗಿ ಮಾತಾಡಲೋ, ಮಗಳಿಗೆ ತಂದೆಯಾಗಿ ಮಾತಾಡಲೋ ತಿಳಿಯದೆ ದೇವರ ಮನೆಯ ಮುಂದೆ ಹೋಗಿ ನಿಂತೆ. ಮಲಗಿದವನ ನೆಮ್ಮದಿ ದೊಡ್ಡದೋ, ಜೈಲಿನಲ್ಲಿರುವ ಮಕ್ಕಳ ಬಿಡುಗಡೆ ದೊಡ್ಡದೋ ಎಂದು ಸ್ವಾಮಿಯನ್ನು ಕೇಳಿದೆ. ದೀಪಕ್ಕೆ ಎಣ್ಣೆ ಹಾಕಿ ಬಂದೆ.

ಮತ್ತೊಂದು ಮಧ್ಯಾಹ್ನ ಪದ್ಮಶ್ರೀ ಮುನಿರಾಜನ ಜೊತೆ ಬಂದಳು. ಈ ಸಲ ಏನನ್ನೂ ಕೇಳಲಿಲ್ಲ. "ಅಮ್ಮ, ಸುಮ್ನೆ ಒಂದು ವಿಡಿಯೋ ತೋರಿಸ್ಬಿಟ್ಟು ಹೋಗ್ತೀನಿ" ಎಂದು ಮೊಬೈಲನ್ನು ಮಾರಕ್ಕನ ಮುಂದೆ ಹಿಡಿದಳು. ನಾವೂ ಬಗ್ಗಿ ನೋಡಿದೆವು.

ಮಂಜು ಮುಸುಕಿದ ಬೆಳಗಿನಲ್ಲಿ, ಹೊರದೇಶದ ಯಾವುದೋ ಊರಿನ ಒಂದು ದೊಡ್ಡ ಗೇಟು. ಗೋವಿಂದರಾಜುವಿನ ಕೆಲಸದ ಅಂಗಿಯ ಜೇಬಿನ ಮೇಲೆ ಯಾವ ಗುರುತು ಇತ್ತೋ ಅದೇ ಗುರುತು ಆ ಗೇಟಿನ ಮೇಲೂ ಇತ್ತು. ದಪ್ಪ ಕೋಟು ತೊಟ್ಟ ಗಂಡಸರು, ಹೆಂಗಸರು ಸಾಲಾಗಿ ನಿಂತಿದ್ದರು. ಎಲೆಯಿಲ್ಲದ ಒಂದು ಮರಕ್ಕೆ ಗೋವಿಂದರಾಜುವಿನ ಫೋಟೋ ಒರಗಿಸಿದ್ದರು. ಒಬ್ಬೊಬ್ಬರಾಗಿ ಮುಂದೆ ಬಂದು, ಕೈಯಲ್ಲಿದ್ದ ಹಾಲಿನ ಪೊಟ್ಟಣ ಒಡೆದು ಮರದ ಬುಡಕ್ಕೆ ಹಾಲು ಸುರಿಯುತ್ತಿದ್ದರು.

ಮಾರಕ್ಕ ಮೊಬೈಲನ್ನು ಕೈಗೆ ತೆಗೆದುಕೊಂಡಳು. "ಏನ್ ಮಾಡ್ತಾವ್ರೆ ಇವ್ರು?"

"ನೀವು ಹಾಲು ತುಪ್ಪ ಬಿಟ್ಟಿದ್ದನ್ನ ಅವ್ರಿಗೆ ಬರೆದಿದ್ದೆ ಅಮ್ಮ. ನಾವೂ ಬಿಡ್ಬೇಕು ಅಂದ್ರಂತೆ. ಹೆಂಗೆ ಅಂತ ಯಾರನ್ನೂ ಕೇಳಿಲ್ಲ, ಅವ್ರಿಗೆ ತಿಳಿದಂಗೆ ಬಿಟ್ಟವ್ರೆ."

"ಅಯ್ಯೋ, ಬೂಟು ಹಾಕ್ಕಂಡೇ ಬಿಡ್ತಾವ್ರಲ್ಲೇ! ಹೇಳೋರಿಲ್ವಾ ಇವ್ರಿಗೆ?"

"ಅಲ್ಲಿ ಮಂಜುಗಡ್ಡೆ ಬಿದ್ದೈತೆ ದೊಡ್ಡಮ್ಮ" ಎಂದ ಮುನಿರಾಜ. "ಬೂಟು ಬಿಚ್ಚಿದ್ರೆ ಆಮೇಲೆ ಅವ್ರಿಗೂ ನಾವೇ ಹಾಲು ಬಿಡ್ಬೇಕಾಯ್ತದೆ."

"ಲೇ, ಬಾಯಿ ಮುಚ್ಚಲಾ. ತುಪ್ಪ ಎಲ್ಲಿ ಮತ್ತೆ?"

ಅಷ್ಟರಲ್ಲಿ ಗಡ್ಡದವನೊಬ್ಬ ಕಾಗದ ಸುತ್ತಿದ ಬೆಣ್ಣೆಯ ಗಟ್ಟಿಯನ್ನು ಜೇಬಿನಿಂದ ತೆಗೆದು, ಬಿಚ್ಚಿ, ಬಹಳ ಭಕ್ತಿಯಿಂದ ಬೇರಿನ ಮೇಲೆ ಇಟ್ಟ. ಅನಸೂಯಳಿಗೆ ನಗು ಬಂದುಬಿಟ್ಟಿತು. ಗಂಡ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನಗುತ್ತ ನಗುತ್ತ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು.

ಸಾಲಿನ ಕೊನೆಯಲ್ಲಿ ಮಾರಕ್ಕನ ವಯಸ್ಸಿನ ಒಬ್ಬ ಹೆಂಗಸು. ಕಾರ್ಖಾನೆಯಲ್ಲಿ ಅಡುಗೆ ಮಾಡುವವಳಂತೆ. ಅವಳು ಹಾಲನ್ನು ಒಮ್ಮೆಲೇ ಸುರಿಯಲಿಲ್ಲ. ಬಗ್ಗಿ, ಮಗುವಿಗೆ ಕುಡಿಸುವ ಹಾಗೆ ಸ್ವಲ್ಪ ಸ್ವಲ್ಪವಾಗಿ ಬಿಟ್ಟಳು. ಫೋಟೋದ ಮೇಲೆ ಬಿದ್ದಿದ್ದ ಮಂಜನ್ನು ಅಂಗೈಯಿಂದ ಒರೆಸಿದಳು. ಮಾರಕ್ಕ ಅದನ್ನೇ ಮತ್ತೆ ಮತ್ತೆ ತೋರಿಸಲು ಹೇಳಿ ನೋಡಿದಳು.

"ಇವ್ಳು ನನ್ ಮಗನ್ನ ನೋಡಿದ್ಳಾ?"

"ಇಲ್ಲಮ್ಮ."

"ಮಾತಾಡಿದ್ಳಾ?"

"ಯಾರೂ ಮಾತಾಡಿಲ್ಲಮ್ಮ. ಅವನು ಕಟ್ಟಿದ ತಂತಿ ಅವರ ಕೈಗೆ ಹೋಗ್ತಿತ್ತು, ಅಷ್ಟೇ."

ಮಾರಕ್ಕ ನನ್ನ ಕಡೆ ತಿರುಗಿದಳು. "ಅಣ್ಣಾ, ನೀನೇ ಹೇಳು. ಹಾಲು ಬಿಟ್ಟೋರು ನಂಟ್ರಾಗಲ್ವಾ?"

"ಆಗ್ತಾರೆ ಕಣವ್ವ" ಎಂದೆ.

"ಬೂಟು ಹಾಕ್ಕಂಡ್ ಬಿಟ್ರೂ?"

"ಬಿಟ್ಟೋರ ಮನಸ್ಸು ನೋಡ್ಬೇಕು. ಆಗ್ತಾರೆ."

"ಹಂಗಾದ್ರೆ ಅವ್ರ ಮಾತೂ ಕೇಳ್ಬೇಕಲ್ಲ. ನಾನೊಬ್ಳೇ ತೀರ್ಮಾನ ಮಾಡೋಕಾಗಲ್ವಲ್ಲ." ಪದ್ಮಶ್ರೀಯನ್ನು ನೋಡಿ, "ಏನಂತಾರೆ ಅವ್ರು?" ಎಂದಳು.

"ಅವನಿಗೆ ಏನಾಯ್ತು ಅಂತ ನಮ್ಗೆ ಗೊತ್ತಾಗ್ಬೇಕು ಅಂತಾರೆ ಅಮ್ಮ. ಗೊತ್ತಾಗೋವರ್ಗೂ ವಾರವಾರ ಗೇಟಲ್ಲಿ ನಿಂತ್ಕತೀವಿ ಅಂತಾರೆ."

"ಆ ಚಳೀಲಿ?"

"ಆ ಚಳೀಲೇ."

ಮಾರಕ್ಕ ಮೊಬೈಲನ್ನು ಹಿಂದಕ್ಕೆ ಕೊಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ಸೊಸೆಯ ಭುಜ ಮುಟ್ಟಿದಳು. "ಹಾಕವ್ವ ಸೈನು" ಎಂದಳು.

ಅರ್ಜಿ ಮಂಜೂರಾಗಲು ಓಡಾಟವಾಯಿತು. ಒಂದು ಬೆಳಿಗ್ಗೆ ತಹಶೀಲ್ದಾರರು, ಸರ್ಕಾರಿ ವೈದ್ಯರು, ಪೊಲೀಸರು ಹೊಲಕ್ಕೆ ಬಂದರು. ಸುತ್ತ ಹಸಿರು ಬಟ್ಟೆ ಕಟ್ಟಿದರು. ಮಣ್ಣು ಹಾಕುವಾಗ ಮೊದಲ ಹಿಡಿ ಸೋದರಮಾವನದು. ತೆಗೆಯುವಾಗ ಯಾರದೆಂದು ಕೂಲಿಯವರು ಕೇಳಿದರು. ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ, ಹಾಗೆ ತೆಗೆದದ್ದೇ ಇಲ್ಲ. ನಾನೇ ಬಗ್ಗಿ ಒಂದು ಹಿಡಿ ತೆಗೆದೆ.

ಅದಕ್ಕೆ ಮುಂಚೆ ಮಾರಕ್ಕ ತಲೆಯ ಕಡೆ ಕುಳಿತು ಮಣ್ಣಿನ ಮೇಲೆ ಕೈಯಿಟ್ಟಳು. ಬೆಳಗಿನ ಪಾಳಿಗೆ ಹೋಗಬೇಕಾದ ಮಗನನ್ನು ಎಬ್ಬಿಸುವ ದನಿಯಲ್ಲೇ ಮಾತಾಡಿದಳು. "ಗೋವಿಂದೂ, ಒಂದ್ ಗಳಿಗೆ ಏಳಪ್ಪಾ. ನಿನ್ ಜೊತೆ ಕೂತಿದ್ದ ಹುಡುಗ್ರು ಇನ್ನೂ ಒಳಗವ್ರೆ. ಅವ್ರಿಗೋಸ್ಕರ ಏಳು. ಆಮೇಲೆ ಮಲಗೀಯಂತೆ. ನಾನಿಲ್ಲೇ ಇರ್ತೀನಿ."

ಮಣ್ಣು ತೆಗೆದಾಗ ಪೊಲೀಸರು ಮೂಗಿಗೆ ಕರವಸ್ತ್ರ ಕಟ್ಟಿಕೊಂಡರು. ಕೂಲಿಯವರು ಟವೆಲ್ ಸುತ್ತಿಕೊಂಡರು. ಮಾರಕ್ಕ ಸೆರಗನ್ನು ಮೂಗಿನ ಹತ್ತಿರಕ್ಕೂ ತರಲಿಲ್ಲ. ಅನಸೂಯ ಅತ್ತೆಯ ಕೈ ಹಿಡಿದು ನಿಂತಳು.

ವೈದ್ಯರು ಇನ್ನೂ ಚಿಕ್ಕ ವಯಸ್ಸಿನವರು. ಕೆಲಸ ಮುಗಿಸಿ ಬಟ್ಟೆಯ ಮರೆಯಿಂದ ಹೊರಗೆ ಬಂದಾಗ ಮಾರಕ್ಕ ಅವರ ಕೈಗೆ ತಾನೇ ನೀರು ಹಾಕಿದಳು.

"ನೋವು ಮಾಡ್ಲಿಲ್ವಲ್ಲಪ್ಪಾ?" ಎಂದಳು.

"ಇಲ್ಲಮ್ಮ. ನೋವು ಮಾಡಿದ್ದು ನಾನಲ್ಲ" ಎಂದರು. ಪೊಲೀಸರ ಎದುರಿಗೇ ಹೇಳಿದರು. "ಪಕ್ಕೆಲುಬು ಮುರಿದಿವೆ. ಕಂಡಿದ್ದನ್ನ ಕಂಡಂಗೆ ಬರೀತೀನಿ."

ಮಾರಕ್ಕ ತಲೆಯಾಡಿಸಿದಳು. ಅತ್ತರೂ ಅವಳ ಮುಖದಲ್ಲಿ ಏನೋ ಒಂದು ಬಿಗಿ ಸಡಿಲವಾಗಿತ್ತು. ಮಗ ಅವಳಿಂದ ಮುಚ್ಚಿಟ್ಟದ್ದು ಈಗ ಇಬ್ಬರ ನಡುವೆಯೂ ಉಳಿದಿರಲಿಲ್ಲ.

ವರದಿ ಹೋದ ಮೇಲೆ ಠಾಣೆಯವರ ಮೇಲೆ ಮೊಕದ್ದಮೆ ದಾಖಲಾಗಿದೆ. ಒಳಗಿದ್ದ ಹುಡುಗರಿಗೆ ಜಾಮೀನು ಸಿಕ್ಕಿದೆ. ನ್ಯಾಯ ಪೂರ್ತಿ ಸಿಗುವುದೋ ಇಲ್ಲವೋ ನಾನು ಬಲ್ಲವನಲ್ಲ. ಆ ದಿನ ಅವನನ್ನು ಮತ್ತೆ ಮಲಗಿಸಿ, ಎಲ್ಲರೂ ಹೋದ ಮೇಲೆ ನಾವು ಮೂವರು ಉಳಿದೆವು. ನಾನು ಕೈ ಮುಗಿದು ಗಟ್ಟಿಯಾಗಿಯೇ ಹೇಳಿದೆ, ಅವರಿಬ್ಬರಿಗೂ ಕೇಳಲಿ ಎಂದು.

ತಂದೆ ವೆಂಕಟರಮಣ, ಈ ಮಗುವನ್ನು ಎರಡು ಸಲ ನಿನಗೆ ಒಪ್ಪಿಸಿದ್ದೇವೆ. ಮೊದಲ ಸಲ ಬಾಯಿ ಮುಚ್ಚಿಕೊಂಡು ಒಪ್ಪಿಸಿದೆವು. ಈ ಸಲ ನಿಜ ಹೇಳಿ ಒಪ್ಪಿಸಿದ್ದೇವೆ. ಇನ್ನೊಬ್ಬನ ಮೇಲೆ ಬೀಳುವ ಏಟಿಗೆ ಅಡ್ಡ ನಿಂತವನು ಇವನು. ನಿನ್ನ ಸನ್ನಿಧಿಯಲ್ಲಿ ಇವನಿಗೆ ಯಾರ ಭಯವೂ ಇಲ್ಲದಿರಲಿ. ಇವನು ನೀರು ಕೇಳುವ ಮೊದಲೇ ನೀರು ಕೊಡು. ಇವನ ಬೆನ್ನ ಮೇಲೆ ನಿನ್ನ ಕೈ ಇರಲಿ. ಇನ್ನು ಇವನನ್ನು ಯಾರೂ ಎಬ್ಬಿಸದಿರಲಿ, ಸ್ವಾಮಿ. ನಮ್ಮ ಗೋವಿಂದರಾಜುವಿನ ಜೀವಕ್ಕೆ ಶಾಂತಿ ಕೊಡು.