ಸೋಮವಾರ ರಾತ್ರಿಯ ಗುಳಿಗೆ

ಅದಿರಿನ ಹುಚ್ಚು ಹತ್ತಿದ ಆ ವರ್ಷಗಳಲ್ಲಿ ಹೊಸಪೇಟೆಯಲ್ಲಿ ಲಾರಿ ಇಲ್ಲದವನನ್ನು ಯಾರೂ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಚಿತ್ತವಾಡ್ಗಿಯ ಮಲ್ಲೇಶನೂ ಲಾರಿ ಮಾಡಿದ್ದ, ಮೊಬೈಲು ಹಿಡಿದಿದ್ದ, ದನಿ ಏರಿಸಿದ್ದ. ಅವನ ತಂಗಿ ಗಂಗಾಂಬಿಕಾಗೆ ಮಾತ್ರ ಇದಾವುದರ ಗೊಡವೆಯೂ ಇರಲಿಲ್ಲ. ವಯಸ್ಸಿಗೆ ಬಂದ ಹುಡುಗಿ, ಆದರೆ ಹುಟ್ಟಿನಿಂದಲೇ ಬುದ್ಧಿಯ ಬೆಳವಣಿಗೆ ನಿಧಾನ. ಜೊತೆಗೆ ಫಿಟ್ಸ್ ಬೇರೆ. ಅವಳನ್ನು ನೋಡಿಕೊಳ್ಳಲು ಇದ್ದವಳು ಉಚ್ಚೆಂಗಮ್ಮ. ಸಂಡೂರಿನ ಗುಡ್ಡದಲ್ಲಿ ಅದಿರು ಜರಡಿ ಹಿಡಿದು ಸೊಂಟ ಬಿದ್ದ ಮೇಲೆ ಈ ಮನೆ ಸೇರಿದ್ದಳು. ಗಂಗಿಗೆ ಎರೆಯುವುದು, ಜಡೆ ಹಾಕುವುದು, ಗುಳಿಗೆ ನುಂಗಿಸುವುದು ಎಲ್ಲ ಅವಳದೇ. ಅವಳನ್ನು ತಾನು ಹೆತ್ತಿರಲಿಲ್ಲ ಅನ್ನುವುದೊಂದು ಬಿಟ್ಟರೆ ಗಂಗಿ ಅವಳ ಮಗಳೇ.

ಯುಗಾದಿ ಕಳೆದ ಮೇಲೆ ಫಿಟ್ಸ್ ಹೆಚ್ಚಾಯಿತು. ಒಂದು ಬೆಳಿಗ್ಗೆ ಗಂಗಿ ಬಚ್ಚಲಲ್ಲಿ ಬಿದ್ದು ಹಣೆ ಒಡೆದುಕೊಂಡಾಗ ಮಲ್ಲೇಶ ಕೆಂಡವಾದ.

"ನಿನ್ನ ಕೈಲಿ ಆಗಂಗಿಲ್ಲ ಬಿಡು ಉಚ್ಚೆಂಗವ್ವ. ಶ್ರಾವಣ ಮುಗೀಲಿ, ದೂರದಾಗ ಒಂದು ಹಾಸ್ಟೆಲ್ ಐತಿ, ಅಲ್ಲಿ ಬಿಟ್ಟು ಬರ್ತೀನಿ."

ತಾಯಿ ಕೊಟ್ರಬಸಮ್ಮ ಸೆರಗು ಬಾಯಿಗೆ ಒತ್ತಿಕೊಂಡು ದೇವರ ಮನೆ ಸೇರಿದಳು. ಗಂಗಿಯನ್ನು ಬಿಟ್ಟು ಇರುವುದು ಉಚ್ಚೆಂಗಮ್ಮನಿಂದ ಆಗದ ಮಾತು.

ಮನೆಗಳಲ್ಲಿ ಅಂಗವಿಕಲರನ್ನು ನೋಡಿಕೊಳ್ಳುವವರಿಗೆ ಔಷಧಿ ಕೊಡುವ ರೀತಿ ಕಲಿಸುತ್ತಾರಂತೆ ಎಂದು ಸುದ್ದಿ ಬಂದಾಗ ಆಕೆ ಹೋದದ್ದು ಆ ಹೆದರಿಕೆಗೇ. ಶಾಲೆಯ ಕೋಣೆಯೊಂದರಲ್ಲಿ ನರ್ಸ್ ಶೈಲಜಾ ಸಿಸ್ಟರ್ ಪಾಠ ಮಾಡುತ್ತಿದ್ದರು. ಕಂಪ್ಲಿಯಿಂದ ಬಂದ ಯಲ್ಲಕ್ಕ ಎಂಬಾಕೆ, ತಾನು ಮಾವನ ಗುಳಿಗೆಗಳನ್ನೆಲ್ಲ ಒಟ್ಟಿಗೆ ಕುಟ್ಟಿ ಬೆಲ್ಲದಲ್ಲಿ ಕಲಸಿ ಕೊಡುವುದಾಗಿ ಹೆಮ್ಮೆಯಿಂದ ಹೇಳಿದಳು.

"ಎಲ್ಲಾ ಒಂದ ಹೊಟ್ಟಿಗೆ ಹೋಗ್ತಾವಲ್ರಿ!"

ಕೋಣೆಯೆಲ್ಲ ನಕ್ಕಿತು. ಸಿಸ್ಟರ್ ಕೂಡ ನಕ್ಕು, ಕೆಲವು ಗುಳಿಗೆ ಕುಟ್ಟಿದರೆ ವಿಷವಾದೀತು, ಡಾಕ್ಟರನ್ನು ಕೇಳದೆ ಕುಟ್ಟಬಾರದು ಎಂದು ಬಿಡಿಸಿ ಹೇಳಿದರು. ಆಮೇಲೆ ಒಬ್ಬೊಬ್ಬರೂ ಮನೆಯಲ್ಲಿ ಮಾಡುವ ಹಾಗೇ ಮಾಡಿ ತೋರಿಸಬೇಕು ಅಂದರು.

ಉಚ್ಚೆಂಗಮ್ಮ ಚೆನ್ನಾಗಿಯೇ ತೋರಿಸಿದಳು. ಗುಳಿಗೆಯ ಗುರುತು ನೋಡಿದಳು, ಯಲ್ಲಕ್ಕನನ್ನೇ ಗಂಗಿ ಮಾಡಿ ಕೂರಿಸಿ ನೀರು ಕುಡಿಸಿದಳು, ನುಂಗಿದಳೋ ಇಲ್ಲವೋ ಎಂದು ಬಾಯಿ ತೆರೆಸಿ ನೋಡಿದಳು.

"ಭಾಳ ಚಲೋ. ದಿನಾ ಹಿಂಗ ಕೊಡ್ತೀರೇನ್ರಿ?" ಸಿಸ್ಟರ್ ಕೇಳಿದರು.

"ದಿನಾ ಹಿಂಗ ರೀ. ಸೋಮವಾರ ರಾತ್ರಿ ಒಂದು ಇಲ್ಲ."

"ಯಾಕ?"

"ಊಟ ಆದ ಮ್ಯಾಲೆ ಕೊಡು ಅಂದಾರಲ್ರಿ ಡಾಕ್ಟ್ರು. ಯುಗಾದಿಯಿಂದ ಅಮ್ಮಾರು ಗಂಗವ್ವಂಗೂ ಸೋಮವಾರ ಒಪ್ಪತ್ತು ಹಿಡಿಸ್ಯಾರ. ರಾತ್ರಿ ಊಟ ಇಲ್ಲ, ಬರೇ ಅವಲಕ್ಕಿ ಫಲಾರ."

ನಗುವ ಮಾತಲ್ಲ ಇದು. ಆ ಕಡೆ ಅನ್ನವೋ ರೊಟ್ಟಿಯೋ ತಿಂದರೆ ಊಟ. ಕತ್ತಿನವರೆಗೆ ಅವಲಕ್ಕಿ ತಿಂದರೂ ಅದು ಫಲಾರವೇ. ಡಾಕ್ಟರು ಫಲಾರದ ಮಾತೇ ಎತ್ತಿರಲಿಲ್ಲ.

"ಫಿಟ್ಸ್ ಯಾವಾಗ ಬರ್ತಾವ್ರಿ?" ಸಿಸ್ಟರ್ ದನಿ ಮೆತ್ತಗಾಗಿತ್ತು.

"ಮಂಗಳವಾರ..." ಅಂದವಳೇ ಉಚ್ಚೆಂಗಮ್ಮ ಬೆರಳು ಮಡಚಿ ಎಣಿಸತೊಡಗಿದಳು. ಯುಗಾದಿಯಿಂದ ಹೆಚ್ಚಾದವೆಲ್ಲ ಸೋಮವಾರದ ಮರುದಿನವೇ.

ಸಿಸ್ಟರ್ ಅಲ್ಲಿಂದಲೇ ಗಂಗಿಯ ಡಾಕ್ಟರಿಗೆ ಫೋನು ಮಾಡಿದರು. ಏನು ತಿಂದರೂ ಸರಿ, ಈ ಗುಳಿಗೆ ಒಂದು ಹೊತ್ತೂ ತಪ್ಪಬಾರದು. ತಪ್ಪಿತೆಂದು ಮರುದಿನ ಎರಡು ಕೊಡಬಾರದು, ತನ್ನನ್ನೇ ಕೇಳಬೇಕು. ಹುಡುಗಿಯನ್ನು ಒಮ್ಮೆ ಕರೆತರಬೇಕು ಎಂದರು ಅವರು.

ಆಟೋದಲ್ಲಿ ಮನೆಗೆ ಬರುವಾಗ ಉಚ್ಚೆಂಗಮ್ಮನ ತಲೆಯಲ್ಲಿ ಒಂದು ಉಪಾಯ ಹೊಳೆಯಿತು. ಸುಮ್ಮನೆ ಸೋಮವಾರವೂ ಕೊಟ್ಟರಾಯಿತು, ಯಾರಿಗೆ ಗೊತ್ತಾಗುತ್ತದೆ? ಆದರೆ ತಾನು ಚೋರನೂರಿಗೆ ಮಗನ ಮನೆಗೆ ಹೋದ ಸೋಮವಾರ ಗಂಗಿಯ ಗತಿ ಏನು? ಕೆಲಸ ಹೋದರೆ ಹೋಗಲಿ ಅಂದುಕೊಂಡು ಕೊಟ್ರಬಸಮ್ಮನ ಮುಂದೆ ಕೂತು ಎಲ್ಲ ಹೇಳಿಬಿಟ್ಟಳು.

ಕೊಟ್ರಬಸಮ್ಮ ಅಳತೊಡಗಿದಳು. "ಆಕಿ ಗುಣ ಆಗ್ಲಿ ಅಂತ ಹರಕಿ ಹೊತ್ತೆ. ಅದ ಆಕಿಗೆ ಮುಳುವಾತೇನ?"

"ಹರಕಿ ಏನ್ ಮಾಡ್ತೈತ್ರಿ ಅಮ್ಮಾರ? ತಪ್ಪಿದ್ದು ಗುಳಿಗಿ. ಕೇಳಬೇಕಿತ್ತು, ನಾ ಕೇಳಲಿಲ್ಲ."

ಕೊಟ್ರಬಸಮ್ಮ ದೇವರ ಮನೆಯ ಕಡೆ ನೋಡಿದಳು. ಹೆದರಿಕೊಂಡೇ ಕೇಳಿದಳು. "ಗುಳಿಗಿ ನುಂಗಿದ್ರ ಒಪ್ಪತ್ತು ಕೆಡ್ತೈತೇನ?"

"ಗುಳಿಗಿ ಊಟ ಅಲ್ಲಲ್ರಿ ಅಮ್ಮಾರ!"

ಅಳುತ್ತಿದ್ದ ಕೊಟ್ರಬಸಮ್ಮನಿಗೆ ನಗು ಬಂದುಬಿಟ್ಟಿತು. ಆ ಸೋಮವಾರ ಅವಲಕ್ಕಿ ತಟ್ಟೆ ಎತ್ತಿದ ಮೇಲೆ ನೀರಿನ ಲೋಟ ಹಿಡಿದು ನಿಂತವಳು ಅವಳೇ.

ಶ್ರಾವಣ ಮುಗಿಯಿತು. ನಡುವೆ ಒಮ್ಮೆ ಫಿಟ್ಸ್ ಬಂತು, ಇಲ್ಲವೆನ್ನುವಂತಿಲ್ಲ. ಆದರೆ ಮಂಗಳವಾರಗಳು ತಣ್ಣಗೆ ಕಳೆದವು. ಡಾಕ್ಟರು ಇದೇ ಔಷಧಿ ತಪ್ಪದೆ ನಡೆಯಲಿ ಅಂದರು. ತಾಯಿ ಎಲ್ಲ ತಿಳಿಸಿ ಹೇಳಿದಾಗ ಮಲ್ಲೇಶ ತಲೆ ಕೆರೆದುಕೊಂಡು ಅಂಗಳಕ್ಕೆ ಹೋದ, ಹಾಸ್ಟೆಲ್‌ಗೆ ಫೋನು ಹಚ್ಚಿ, "ಬ್ಯಾಡ್ರಿ, ನಮ್ಮ ಹುಡುಗಿ ಇಲ್ಲೇ ಇರ್ತಾಳ" ಅಂದ. ಒಳಗೆ ಗಂಗಿಯ ಜಡೆ ಹಾಕುತ್ತಿದ್ದ ಉಚ್ಚೆಂಗಮ್ಮನ ಕೈ ಅಲ್ಲೇ ನಿಂತಿತು. ಕಣ್ಣು ತುಂಬಿ ಬಂತು.

ರಾತ್ರಿ ಊಟವಾದ ಮೇಲೆ ಮಲ್ಲೇಶ ಬಾಗಿಲ ಹತ್ತಿರ ಸುಳಿದಾಡಿದ.

"ಉಚ್ಚೆಂಗವ್ವ, ಗುಳಿಗಿ ಹೆಂಗ ಕೊಡೋದು ಅಂತ ನನಗೂ ಕಲಿಸು. ನೀ ಊರಿಗೆ ಹೋದ್ರ ಮನಿಯಾಗ ಯಾರಿಗಾದ್ರೂ ಗೊತ್ತಿರಬೇಕಲ್ಲ."

ಉಚ್ಚೆಂಗಮ್ಮ ಅವನ ಕೈ ನೋಡಿದಳು. ಉಗುರ ಸಂದಿಯಲ್ಲೆಲ್ಲ ಅದಿರಿನ ಕೆಂಪು.

"ಮೊದ್ಲ ಸೋಪು ಹಚ್ಚಿ ಕೈ ತೊಳಕೊಂಡ್ ಬರ್ರಿ."

ಮಲ್ಲೇಶ ಬಚ್ಚಲಿಗೆ ನಡೆದ. ಗಂಗಿ ಚಪ್ಪಾಳೆ ತಟ್ಟಿ ನಕ್ಕು, ಅಣ್ಣ ಬರುವ ತನಕ ಬಾಯಿ ತೆರೆದುಕೊಂಡೇ ಕೂತಳು.