ಕ್ಲಾರಿನೆಟ್ಟಿನ ಹಲ್ಲು

ಸೂಜಿಗಿಂತ ತುಸು ದಪ್ಪನಾದ, ತುದಿ ಬಾಗಿದ ಒಂದು ಉಕ್ಕಿನ ಕಡ್ಡಿ. ಅದರ ತುದಿಯತ್ತ ಸಣ್ಣ ಸಣ್ಣ ಕಪ್ಪು ಗೆರೆಗಳು. ಬಿಳಿ ಬಟ್ಟೆ ಹಾಸಿದ ತಟ್ಟೆಯಲ್ಲಿ ಅದೊಂದೇ ಇತ್ತು. ಸಾವಿರ ಜನರ ಮದುವೆ ಮನೆಯಲ್ಲಿ ಎದೆಯುಬ್ಬಿಸಿ ನಿಂತು ಊದುತ್ತಿದ್ದ ನಾನು ಆ ಕಡ್ಡಿಯನ್ನು ಕಂಡು ಬೆವೆತುಹೋದೆ. ಸುಳ್ಳೇಕೆ ಹೇಳಲಿ, ಎದ್ದು ಓಡಿಬಿಡೋಣವೆನಿಸಿತ್ತು.

ನಾನು ಆಗ ನಮ್ಮೂರಿನ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿನೆಟ್ ಊದುತ್ತಿದ್ದೆ. ಕೆಳದುಟಿಯನ್ನು ಒಳಕ್ಕೆ ಮಡಚಿ, ಮೇಲಿನ ಎರಡು ಮುಂದಿನ ಹಲ್ಲುಗಳನ್ನು ವಾದ್ಯದ ತುದಿಯ ಮೇಲೆ ಊರಿ ಊದಬೇಕು. ಅಂದರೆ ನನ್ನ ಅನ್ನ ಎರಡು ಹಲ್ಲುಗಳ ಮೇಲೆ ನಿಂತಿತ್ತು. ನಮ್ಮ ಸೆಟ್ಟಿನಲ್ಲಿ ಮುಂದಿನ ಹಲ್ಲು ಹೋದವನ ಕೈಗೆ ತಾಳ ಕೊಡುವುದು ವಾಡಿಕೆ. ಯಾರೂ ಏನೂ ಅನ್ನುತ್ತಿರಲಿಲ್ಲ. ಮುಂದಿನ ಮದುವೆಗೆ ಹೋದಾಗ ಅವನ ವಾದ್ಯದ ಪೆಟ್ಟಿಗೆಯ ಬದಲು ಒಂದು ಜೊತೆ ತಾಳ ಇಟ್ಟಿರುತ್ತಿದ್ದರು, ಅಷ್ಟೆ. ನನಗೆ ಊದಲು ಕಲಿಸಿದ ಬಸಲಿಂಗಣ್ಣನವರು ಹಾಗೆ ಹನ್ನೊಂದು ವರ್ಷಗಳಿಂದ ತಾಳ ಹಿಡಿದಿದ್ದರು. ಅವರ ಜಾಗದಲ್ಲಿ ನಾನು ನಿಲ್ಲುತ್ತಿದ್ದೆ, ನನ್ನ ಹಿಂದೆ ಎರಡು ಹೆಜ್ಜೆಗೆ ಅವರು. ನಾನೊಂದು ಸ್ವರ ಜಾರಿದರೆ ಸಾಕು, ತಾಳ ಒಂದಿಷ್ಟು ಜೋರಾಗಿ ಬಡಿಯುತ್ತಿತ್ತು.

ಆ ವರ್ಷ ನನ್ನ ಬಲಗಡೆಯ ಮುಂದಿನ ಹಲ್ಲು ಅಲುಗಾಡತೊಡಗಿತು. ಊದಿ ಮುಗಿಸಿದಾಗ ವಾದ್ಯದ ತುದಿಯಲ್ಲಿ ರಕ್ತದ ಕಲೆ. ಬಸಲಿಂಗಣ್ಣನವರಿಗೆ ಮಾತ್ರ ಹೇಳಿದೆ.

"ಬ್ರಷ್ ತಾಗಿಸ್ಬೇಡ ಅದಕ್ಕೆ," ಅಂದರು. "ಅಲ್ಲಾಡೋ ಹಲ್ಲನ್ನ ಎಷ್ಟು ಮುಟ್ತೀಯೋ ಅಷ್ಟು ಬೇಗ ಉದುರುತ್ತೆ. ನೀರು ಮುಕ್ಕಳಿಸು, ಸಾಕು. ನಂದೂ ಹಂಗೇ ಮಾಡಿ ಎರಡು ವರ್ಷ ಕಾಪಾಡ್ಕೊಂಡಿದ್ದೆ."

ಗುರುಗಳ ಮಾತು. ಎಂಟು ತಿಂಗಳು ಮುಂದಿನ ಹಲ್ಲುಗಳಿಗೆ ಬ್ರಷ್ ತಾಗಿಸಲಿಲ್ಲ. ಕೊನೆಗೆ ನನ್ನ ಹೆಂಡತಿ ದಿಂಬಿನ ಮೇಲೆ ರಕ್ತ ಕಂಡು, ಆಸ್ಪತ್ರೆಗೆ ಹೋಗದಿದ್ದರೆ ಮನೆಯಲ್ಲಿ ಒಲೆ ಹೊತ್ತುವುದಿಲ್ಲವೆಂದು ಹಟ ಹಿಡಿದಳು. ಬಸಲಿಂಗಣ್ಣನವರು ತಾವೂ ಹೊರಟರು. ದಾರಿಯುದ್ದಕ್ಕೂ ಒಂದೇ ಪಾಠ: "ಊದ್ತೀನಿ ಅಂತ ಹೇಳ್ಬೇಡ. ಊದೋದು ಬಿಡು ಅಂದ್ಬಿಡ್ತಾರೆ. ಕಿರಾಣಿ ಅಂಗಡಿ ಅನ್ನು. ಕೀಳ್ತೀನಿ ಅಂದ್ರೆ ಎದ್ದು ಬಂದ್ಬಿಡು."

ಹಲ್ಲಿನ ಡಾಕ್ಟರ್ ಮೆಹರುನ್ನಿಸಾ ಎಂಬುವವರು ಐವತ್ತು ದಾಟಿದ ಹೆಂಗಸು. ಪಕ್ಕದಲ್ಲಿ ಸ್ಟೆಲ್ಲಾ ಎಂಬ ನರ್ಸ್ ಪೆನ್ನು ಹಿಡಿದು ಕೂತಿದ್ದಳು. ಬಸಲಿಂಗಣ್ಣನವರು ಮೂಲೆಯ ಸ್ಟೂಲಿನಲ್ಲಿ ಕಾವಲು ಕೂತರು.

ಡಾಕ್ಟರು ಆ ಕಡ್ಡಿಯನ್ನು ನನ್ನ ಕಣ್ಣೆದುರು ಹಿಡಿದರು. "ಇದು ಕೀಳೋದಲ್ಲ, ಕೊರೆಯೋದಲ್ಲ. ಅಳೆಯೋದು. ಹಲ್ಲಿಗೂ ಒಸಡಿಗೂ ನಡುವೆ ಸಂದು ಇರುತ್ತಲ್ಲ, ಅದು ಎಷ್ಟು ಆಳ ಇದೆ ಅಂತ ನೋಡ್ತೀನಿ. ಒಂದೊಂದು ಹಲ್ಲಿಗೆ ಆರು ಕಡೆ. ಮೂರು ಮಿಲಿಮೀಟರ್ ತನಕ ಸರಿ. ಮೇಲೆ ಹೋದ್ರೆ ಒಸಡು ಹಲ್ಲನ್ನ ಬಿಡ್ತಾ ಇದೆ ಅಂತ ಅರ್ಥ. ನೋವಾದ್ರೆ ಎಡಗೈ ಎತ್ತಿ, ನಿಲ್ಲಿಸ್ತೀನಿ."

ಹಿಂದಿನ ಹಲ್ಲುಗಳಿಂದ ಶುರು ಮಾಡಿದರು. ಕಡ್ಡಿ ಒಸಡಿನ ಅಂಚಿನಲ್ಲಿ ನಡೆದುಕೊಂಡು ಬರುತ್ತಿತ್ತು. ಒತ್ತುತ್ತಿದ್ದುದು ಗೊತ್ತಾಗುತ್ತಿತ್ತು, ನೋವೇನಿಲ್ಲ. "ಮೂರು, ಎರಡು, ಮೂರು. ಮೂರು, ಎರಡು, ಮೂರು." ಸ್ಟೆಲ್ಲಾ ಬರೆದುಕೊಳ್ಳುತ್ತಿದ್ದಳು. ಆ ಲಯಕ್ಕೆ ನನ್ನ ಹೆದರಿಕೆ ಇಳಿಯಿತು; ಮೂಲೆಯಲ್ಲಿ ಬಸಲಿಂಗಣ್ಣನವರ ಪಾದ ತಾಳ ಹಾಕುತ್ತಿದ್ದುದು ಕೇಳಿಸಿತು. ಎಂಥ ಕೈ ಆಕೆಯದು! ನಲವತ್ತು ವರ್ಷ ವಾದ್ಯ ಹಿಡಿದವರಲ್ಲೂ ಅಷ್ಟು ಹಗುರಾದ ಬೆರಳುಗಳನ್ನು ನಾನು ಕಂಡಿರಲಿಲ್ಲ.

ಮುಂದಿನ ಹಲ್ಲು ಬಂತು. "ಐದು. ಆರು." ಒಂದು ಕ್ಷಣ ತಡೆದು, "ಏಳು. ರಕ್ತ ಇದೆ." ಪಾದದ ಸದ್ದು ನಿಂತುಹೋಯಿತು.

ಎರಡು ಉಪಕರಣಗಳ ಹಿಡಿಗಳ ನಡುವೆ ಹಲ್ಲನ್ನು ಹಿಡಿದು ಮೆಲ್ಲಗೆ ಅಲುಗಿಸಿ ನೋಡಿದರು. ಆಮೇಲೆ ಕನ್ನಡಿಯಿಂದ ನನ್ನ ಕೆಳದುಟಿಯನ್ನು ಸರಿಸಿ ಒಳಗೆ ನೋಡಿದರು. ಅಲ್ಲಿ ಹಲ್ಲೊತ್ತಿ ಒತ್ತಿ ಬಿದ್ದ ಜಡ್ಡು ಇತ್ತು.

"ಏನು ಕೆಲಸ ಮಾಡ್ತೀರಿ?"

"ಕಿರಾಣಿ ಅಂಗಡಿ, ಮೇಡಂ."

"ಅಕ್ಕಿ ತೂಗಿದ್ರೆ ತುಟಿ ಒಳಗೆ ಹೀಗೆ ಜಡ್ಡು ಬೀಳಲ್ಲವಲ್ಲ," ಎಂದು ಆಕೆ ನಕ್ಕರು. "ಕ್ಲಾರಿನೆಟ್ಟಾ?"

ನನಗೆ ನಾಚಿಕೆಯಾಯಿತು. ಹೌದೆಂದೆ. ಊದುವುದು ಬಿಡಬೇಕಾ ಎಂದು ಕೇಳಿದೆ.

"ಊದಿದ್ದಕ್ಕೆ ಹಲ್ಲು ಸಡಿಲ ಆಗಿದ್ದಲ್ಲ. ಇಲ್ಲಿ ಪಾಚಿ ಕಟ್ಟಿ, ಒಸಡಿನ ಒಳಗೆ ಕಲ್ಲಿನ ಥರ ಕೂತಿದೆ. ಹಿಂದಿನ ಹಲ್ಲೆಲ್ಲ ಚೊಕ್ಕಟವಾಗಿದೆ, ಮುಂದಿನವು ಮಾತ್ರ ಹೀಗ್ಯಾಕೆ? ಇವನ್ನ ಉಜ್ಜೋದಿಲ್ವಾ?"

ಗುರುಗಳನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ.

"ನಾನೇ ಬೇಡ ಅಂದಿದ್ದು," ಎಂದರು ಬಸಲಿಂಗಣ್ಣ, ಸ್ಟೂಲಿನಿಂದ ಎದ್ದು. "ರಕ್ತ ಬರುತ್ತೆ, ಮುಟ್ಬೇಡ ಅಂತ."

"ರಕ್ತ ಬಂದ ಕಡೇನೇ ಮೆತ್ತಗೆ, ಚೆನ್ನಾಗಿ ಉಜ್ಜಬೇಕು ಯಜಮಾನ್ರೇ. ಎಕ್ಸ್‌ರೇ ತೆಗೆಸಿ ನೋಡೋಣ. ಮೂಳೆ ತೀರಾ ಸವೆದಿಲ್ಲ ಅಂದ್ರೆ ಒಳಗಿಂದ ಕ್ಲೀನ್ ಮಾಡಿ, ಹಿಂದುಗಡೆ ಸಣ್ಣ ತಂತಿ ಕಟ್ತೀನಿ. ಉಳಿಯುತ್ತೆ ಅನ್ಸುತ್ತೆ."

"ಹಂಗಾದ್ರೆ ತಾಯಿ," ಬಸಲಿಂಗಣ್ಣನವರ ದನಿ ಸಣ್ಣದಾಗಿತ್ತು, "ನಂದೂ ಉಳೀತಿತ್ತಾ?"

ಆಕೆ ಕನ್ನಡಿಯನ್ನು ತಟ್ಟೆಯಲ್ಲಿಟ್ಟು ಅವರತ್ತ ತಿರುಗಿದರು. ಇಲ್ಲವೆಂದಿದ್ದರೆ ಯಾರಿಗೂ ನಷ್ಟವಿರಲಿಲ್ಲ. "ಬೇಗ ಬಂದಿದ್ರೆ ಉಳೀಬಹುದಿತ್ತು," ಅಂದರು. ಆ ಹೆಂಗಸಿನ ಮೇಲೆ ನನಗೆ ಗೌರವ ಹುಟ್ಟಿದ್ದು ಆ ಗಳಿಗೆಯಲ್ಲಿ. ಬಸಲಿಂಗಣ್ಣನವರು ತಲೆಯಾಡಿಸಿ ಹೊರಗೆ ಹೋದರು. ಎಕ್ಸ್‌ರೇಯಲ್ಲಿ ಮೂಳೆ ತೀರಾ ಸವೆದಿರಲಿಲ್ಲ; ಡಾಕ್ಟರು ಅಂದೇ ಒಳಗಿಂದ ಕ್ಲೀನ್ ಮಾಡಿ ತಂತಿ ಕಟ್ಟಿದರು.

ಮಾರನೆಯ ಬೆಳಿಗ್ಗೆ ಕದ ತೆರೆದರೆ ನಮ್ಮ ಜಗುಲಿಯ ಮೇಲೆ ಕೂತಿದ್ದರು. "ಉಜ್ಜು, ನೋಡ್ತೀನಿ," ಅಂದರು. ಮೂರು ತಿಂಗಳು, ಒಂದು ದಿನವೂ ತಪ್ಪಲಿಲ್ಲ. ಮೇಲಿನ ಸಾಲಿನಲ್ಲಿ ಒಂದು ಹಲ್ಲೂ ಇಲ್ಲದ ಆ ಮನುಷ್ಯ ನನ್ನ ಮುಂದೆ ನಿಂತು, "ಒಸಡಿನ ಅಂಚಿಗೆ ಬಾ, ಆತುರ ಬೇಡ, ಬಲಗಡೆ ಬಿಟ್ಟೆ ನೋಡು," ಎಂದು ತಿದ್ದುತ್ತಿದ್ದರು. ಊದಲು ಕಲಿಸಿದಾಗಲೂ ನನ್ನನ್ನು ಇಷ್ಟು ಗೋಳು ಹೊಯ್ದುಕೊಂಡಿರಲಿಲ್ಲ. ನನಗೆ ರೇಗುತ್ತಿತ್ತು, ಆದರೆ ಅವರ ಮುಖ ನೋಡಿ ಮತ್ತೆ ಬಲಗಡೆಯಿಂದ ಉಜ್ಜತೊಡಗುತ್ತಿದ್ದೆ.

ಮೂರು ತಿಂಗಳ ಮೇಲೆ ಅದೇ ಕುರ್ಚಿ, ಅದೇ ಕಡ್ಡಿ. ಬಸಲಿಂಗಣ್ಣನವರು ಈ ಸಲ ಕೂರಲೇ ಇಲ್ಲ, ಸ್ಟೆಲ್ಲಾಳ ಹಿಂದೆ ನಿಂತು ಚೀಟಿಯನ್ನೇ ನೋಡುತ್ತಿದ್ದರು.

"ಮೂರು. ಮೂರು. ನಾಲ್ಕು," ಅಂದರು ಡಾಕ್ಟರು. "ರಕ್ತ ಇಲ್ಲ. ಧೈರ್ಯವಾಗಿ ಊದಿ."

ನಾನು ಕಣ್ಣೊರೆಸಿಕೊಂಡು ಇಳಿದೆ. ಆಕೆ ಕೈಗವಸು ಬದಲಾಯಿಸಿ ಬಸಲಿಂಗಣ್ಣನವರ ಕಡೆ ತಿರುಗಿದರು. "ಈಗ ನೀವು ಕೂತ್ಕೊಳ್ಳಿ."

"ನನ್ನ ಬಾಯಲ್ಲಿ ನೋಡೋಕೆ ಏನಿದೆ ತಾಯಿ? ಹಲ್ಲೇ ಇಲ್ಲ."

"ಒಸಡಿದೆಯಲ್ಲ."

ಅವರು ಹಿಂಜರಿಯುತ್ತ ಕೂತು ಬಾಯಿ ತೆರೆದರು. ಡಾಕ್ಟರು ಬೆರಳಿನಿಂದ ಮೇಲಿನ ಒಸಡನ್ನು ಈ ತುದಿಯಿಂದ ಆ ತುದಿಯವರೆಗೆ ಒತ್ತುತ್ತ ಹೋದರು. "ಗಟ್ಟಿಯಾಗಿದೆ," ಅಂದರು. "ಕಟ್ಟಿಸಿದ ಹಲ್ಲು ಚೆನ್ನಾಗಿ ಕೂರುತ್ತೆ. ಕಟ್ಟಿಸ್ಕೊಂಡು ಊದೋರು ಇದ್ದಾರೆ. ಅಭ್ಯಾಸ ಆಗೋಕೆ ಕೆಲವು ತಿಂಗಳು ಬೇಕು, ಅಷ್ಟೆ."

ಬಾಯಲ್ಲಿ ಆಕೆಯ ಬೆರಳು ಇದ್ದುದರಿಂದ ಅವರಿಗೆ ಮಾತಾಡಲು ಆಗಲಿಲ್ಲ. ಕುರ್ಚಿಯ ಎರಡು ಕೈಗಳ ಮೇಲಿದ್ದ ಅವರ ಬೆರಳುಗಳು ಒಂದೊಂದಾಗಿ ಏಳತೊಡಗಿದವು, ಬೀಳತೊಡಗಿದವು. ಯಾವ ಹಾಡೆಂದು ನನಗೆ ಗೊತ್ತಾಯಿತು.