ಎತ್ತಿಕೊಡದ ಮಾತು

ಹತ್ತು ಚಿತ್ರಗಳಲ್ಲಿ ಏಳು ಮುಗಿದಿದ್ದವು. ಏಳಕ್ಕೂ ಉತ್ತರ ಕೊಟ್ಟವಳು ರೋಗಿಯ ಹೆಂಡತಿ.

"ಅಮ್ಮಾ, ನಾನು ಕೇಳ್ತಿರೋದು ನಿಮ್ಮನ್ನಲ್ಲ," ಎಂದಳು ಮಾತು ಕಲಿಸುವ ಡಾಕ್ಟರು.

"ಬಾಯಿ ತಡೆಯಲ್ಲ ಡಾಕ್ಟ್ರೇ. ಮೂವತ್ತು ವರ್ಷದ ಚಾಳಿ."

ಚಾಳಿಯೇ ಅದು. ನಾಟಕ ಕಂಪನಿಯಲ್ಲಿ ಪರದೆಯ ಮರೆಗೆ ನಿಂತು, ಮಾತು ಮರೆತ ನಟನಿಗೆ ಪಿಸುದನಿಯಲ್ಲಿ ಎತ್ತಿಕೊಡುವುದು ಅವಳ ಕೆಲಸ. ಗಂಡ ಅದೇ ಕಂಪನಿಯಲ್ಲಿ ರಾಜನ ಪಾತ್ರದವನು. ಪುಟಗಟ್ಟಲೆ ಪದ್ಯವನ್ನು ಸಲೀಸಾಗಿ ಹೇಳುತ್ತಿದ್ದ ಬಾಯಿ, ಮೂರು ತಿಂಗಳ ಹಿಂದೆ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದ ದಿನ ಬಿದ್ದುಹೋಯಿತು. ಹೇಳಿದ್ದೆಲ್ಲ ಅರ್ಥವಾಗುತ್ತದೆ, ಒಂದು ಪದವೂ ಹೊರಡದು. ಅಂದಿನಿಂದ ಮನೆಯಲ್ಲಿ ಅವನು ತುಟಿ ಅಲುಗಿಸುವುದೇ ತಡ, ನೀರು, ಚಾದರ, ಕಿಟಕಿ ಎಂದು ಅವಳೇ ಹೇಳಿ ಮುಗಿಸುತ್ತಿದ್ದಳು.

ಇವತ್ತು ಕೊನೆಯ ಪರೀಕ್ಷೆ. ಒಂದಾದರೂ ಚಿತ್ರದ ಹೆಸರು ಅವನ ಬಾಯಿಂದಲೇ ಬಂದರೆ ತರಬೇತಿ ಮುಂದುವರಿಯುತ್ತದೆ. ಇಲ್ಲದಿದ್ದರೆ ಅವನ ಕುರ್ಚಿ ಸರದಿಯಲ್ಲಿ ಕಾದು ಕೂತ ಇನ್ನೊಬ್ಬರ ಪಾಲು.

ಎಂಟನೆಯದು ಹೋಯಿತು, ಒಂಬತ್ತನೆಯದೂ ಹೋಯಿತು. ಹತ್ತನೆಯದು ಕತ್ತರಿ.

ಅವನು ಚಿತ್ರ ನೋಡಿದ. ಮರುಗಳಿಗೆಗೆ ಪರದೆಯತ್ತ ತಿರುಗುವ ನಟನಂತೆ ಹೆಂಡತಿಯತ್ತ ತಿರುಗಿದ. ಅವಳು ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡಳು. ಗಡಿಯಾರದ ಮುಳ್ಳು ಸರಿಯುತ್ತಿತ್ತು. ಡಾಕ್ಟರು ಪೆನ್ನು ಎತ್ತಿಕೊಂಡಳು.

"ಬರೀಬೇಡಿ. ಅವರ ಬೆರಳು ನೋಡಿ," ಎಂದಳು ಹೆಂಡತಿ, ಕರವಸ್ತ್ರ ಕಿತ್ತು.

ಅವನ ಎಡಗೈ ತೊಡೆಯ ಮೇಲೆ ತಟ್ಟುತ್ತಿತ್ತು. ಒಂದು ಭಾರದ ಪೆಟ್ಟು, ಎರಡು ಹಗುರ. ಮತ್ತೆ ಒಂದು ಭಾರ, ಎರಡು ಹಗುರ.

"ಅದು ಈ ಚಿತ್ರದ ಹೆಸರಿನ ನಡೆ, ಡಾಕ್ಟ್ರೇ. ಒಂದು ಗುರು, ಎರಡು ಲಘು. ನಮಗೆ ಪದ್ಯ ಕಲಿಸಿದ ಅಜ್ಜಿ ಹೇಳೋರು, ಮಾತು ಬರೋಕೆ ಮುಂಚೆ ಅದರ ಹೆಜ್ಜೆ ಸಪ್ಪಳ ಬರುತ್ತೆ, ಅಲ್ಲೀತನಕ ಬಾಗಿಲು ಹಾಕ್ಬೇಡಿ ಅಂತ. ಆಯಮ್ಮ ಶಾಲೆ ಮೆಟ್ಟಿಲು ಹತ್ತಿದವರಲ್ಲ."

ಡಾಕ್ಟರು ಬಗ್ಗಿ ಬೆರಳನ್ನೇ ನೋಡಿದಳು. "ನಾಲಿಗೆ ತುದೀಲಿ ಸಿಕ್ಕಿಕೊಂಡ ಪದಕ್ಕೆ ಎಷ್ಟು ಅಕ್ಷರ ಅನ್ನೋದು ಮೊದಲೇ ಗೊತ್ತಾಗಿರುತ್ತೆ. ನಾವಿದನ್ನ ಪ್ರಯೋಗ ಮಾಡಿ ಕಂಡುಕೊಂಡ್ವಿ. ನಿಮ್ಮಜ್ಜಿಗೆ ಯಾರು ಹೇಳಿದ್ರು?"

"ಮರೆತವರ ಮುಖ ನೋಡ್ತಾ ಕೂತಿದ್ರು, ಅಷ್ಟೇ. ನಾನೇ ಕೆಟ್ಟವಳು. ಸಪ್ಪಳ ಕೇಳಿದ ಕೂಡ್ಲೇ ಪದ ಎತ್ತಿಕೊಟ್ಟುಬಿಡ್ತೀನಿ. ನಾಟಕ ನಿಲ್ಲಬಾರ್ದಲ್ಲ."

ಹೇಳುತ್ತಿದ್ದಂತೆ ಅವಳಿಗೆ ಹೊಳೆಯಿತು. ಮೂರು ತಿಂಗಳಿಂದ ಆ ಸಪ್ಪಳ ದಿನಕ್ಕೆಷ್ಟು ಸಲ ಬಂದಿತ್ತೋ. ಪ್ರತಿ ಸಲವೂ ತಾನೇ ಅಡ್ಡ ನಿಂತಿದ್ದಳು, ಅದೂ ಪ್ರೀತಿಯಿಂದ. ದೇವರೇ, ನನ್ನ ಬಾಯಿ ಕಟ್ಟು ಎಂದುಕೊಂಡಳು.

ಗಂಡ ಕಾದ. ಮುಖ ಕೆಂಪೇರಿತು, ಕಣ್ಣು ತುಂಬಿತು. ಮುಂಗೈ ಎತ್ತಿ ಮೇಜನ್ನು ಬಡಿದ. ಒಂದು ಭಾರ, ಎರಡು ಹಗುರ.

ಅವಳು ಕಣ್ಣು ಮುಚ್ಚಿಕೊಂಡಳು.

"ಹೇಳೇ," ಎಂದ ಅವನು.

ಮೂರು ತಿಂಗಳಲ್ಲಿ ಮೊದಲ ಮಾತು. ಅವಳು ಡಾಕ್ಟರತ್ತ ನೋಡಿದಳು.

"ಇದು ಲೆಕ್ಕಕ್ಕೆ ಬರಲ್ಲಮ್ಮಾ," ಡಾಕ್ಟರು ಮೆಲ್ಲಗೆ ಹೇಳಿದಳು. "ಸಿಟ್ಟಿನ ಮಾತು ಮಿದುಳಿನ ಬೇರೆ ದಾರೀಲಿ ಬರುತ್ತೆ. ಬೈಗುಳ, ದೇವರ ಹೆಸರು, ಎಲ್ಲ ಹಾಗೇ."

"ಹಾಗಾದ್ರೆ ಮುಗೀತಾ?"

ಡಾಕ್ಟರು ಪರೀಕ್ಷೆಯ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಖಾಲಿ ಮನೆಗಳ ಕೆಳಗೆ ಬರೆದಳು: 'ಪದದ ಅಳತೆ ಸರಿ. ಪದ ಹತ್ತಿರದಲ್ಲಿದೆ.'

"ಇನ್ನೆರಡು ವಾರದ ತರಬೇತಿಗೆ ಮೇಲಿನವರನ್ನ ಕೇಳಿ ನೋಡ್ತೀನಿ, ಕೊಡ್ತಾರೋ ಬಿಡ್ತಾರೋ. ಕೊಟ್ರೂ ನೀವು ಒಳಗೆ ಇರೋ ಹಾಗಿಲ್ಲ. ಮನೇಲೂ ಎತ್ತಿಕೊಡೋ ಹಾಗಿಲ್ಲ. ಇವತ್ತಿಂದಲೇ."

"ನೀರು ಅಂತಲೂ?"

"ನೀರು ಅಂತಲೂ."

ಅವಳು ಎದ್ದು ಹೊರಬಂದು ಬಾಗಿಲು ಎಳೆದುಕೊಂಡಳು. ಕಾಯುವವರ ಬೆಂಚಿನಲ್ಲಿ ಜಾಗವಿತ್ತು, ಕೂರಲು ಮನಸ್ಸಾಗಲಿಲ್ಲ. ಒಳಗೆ ಮೇಜು ಬಡಿಯುವ ಸದ್ದು ಜೋರಾಯಿತು. ಅದರ ನಡುವೆ ಅವನ ಒಡಕು ದನಿ, ಹೇಳೇ, ಹೇಳೇ, ಹೇಳೇ. ಅವಳು ಗೋಡೆಗೆ ಹಣೆಯೊತ್ತಿ, ಎರಡೂ ಅಂಗೈಯಿಂದ ಬಾಯಿ ಅದುಮಿಕೊಂಡು ನಿಂತಳು.